ಥೈರಾಯ್ಡ್ ಗುಳಿಗೆ ಬಿಡದೆ ಚೀನೀ ವೈದ್ಯಪದ್ಧತಿ ಬಳಸುವುದು ಹೇಗೆ

ಬಳ್ಳಾರಿಯಲ್ಲಿ ಮೇ ತಿಂಗಳು ಹೇಗಿರುತ್ತದೆ ಅಂತ ನಾನು ಹೇಳಬೇಕಿಲ್ಲ. ಸಂಜೆ ಏಳಕ್ಕೂ ಗೋಡೆ ಮುಟ್ಟಿದರೆ ಬಿಸಿ. ಅಂಥಾ ಬೇಸಿಗೆಯಲ್ಲಿ ನಾನು ಫ್ಯಾನ್ ಬಂದ್ ಮಾಡಿ ಕೌದಿ ಹೊದ್ದು ಮಲಗುತ್ತಿದ್ದೆ. "ಯಕ್ಕಾ, ಊರಿಗೂರೇ ಬೆವರಾಗ ತೋಯ್ತೈತಿ, ನಿನಗ್ಯಾಕ ಚಳಿ?" ಅಂತ ತಮ್ಮ ನಗುತ್ತಿದ್ದ. ನಾನೂ ನಗುತ್ತಿದ್ದೆ. ಆಮೇಲೆ ಕೂದಲು ಉದುರಿತು, ಮುಖ ಊದಿತು, ಮಧ್ಯಾಹ್ನ ಮೂರಕ್ಕೆ ಕೂತಲ್ಲೇ ಕಣ್ಣು ಎಳೆಯತೊಡಗಿತು. ರಕ್ತ ಪರೀಕ್ಷೆ ಮಾಡಿಸಿದರೆ ಟಿಎಸ್‌ಎಚ್ 18. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಷ್ಟೂ ಏರುವ ನಂಬರ್ ಅದು, ಸಾಮಾನ್ಯವಾಗಿ 4ರ ಒಳಗಿರಬೇಕು.

ಗುಳಿಗೆ ಶುರುವಾಯಿತು, ಕೆಲವು ತಿಂಗಳಲ್ಲಿ ನಂಬರ್ ಸರಿಹೋಯಿತು. ಆದರೆ ಕಾಲು ತಣ್ಣಗೇ ಇದ್ದವು, ಹೊಟ್ಟೆ ಕಟ್ಟುತ್ತಲೇ ಇತ್ತು, ನಿದ್ದೆ ಮಾಡಿ ಎದ್ದರೂ ನಿದ್ದೆ ಮಾಡದವರ ಹಾಗೆ ಇರುತ್ತಿದ್ದೆ. ರಿಪೋರ್ಟ್ ನೋಡಿದವರು "ಎಲ್ಲಾ ನಾರ್ಮಲ್ ಇದೆಯಲ್ಲಮ್ಮಾ" ಅನ್ನುತ್ತಿದ್ದರು. ಆ ಉಳಿದ ತೊಂದರೆಗಳಿಗಾಗಿ ನಾನು ಚೀನೀ ವೈದ್ಯದ ಕಡೆ ಹೋದದ್ದು. ಮೂರು ವರ್ಷ ಆಯಿತು. ಕೆಲವು ಕೆಲಸಕ್ಕೆ ಬಂದವು, ಒಂದು ಕೈಕೊಟ್ಟಿತು, ಚೆನ್ನಾಗೇ ಕೈಕೊಟ್ಟಿತು. ಎಲ್ಲವನ್ನೂ ಇಲ್ಲಿ ಬರೆಯುತ್ತೇನೆ. ಗುಳಿಗೆ ಬಿಡುವ ದಾರಿ ಹುಡುಕಿಕೊಂಡು ಬಂದಿದ್ದರೆ ಮಾತ್ರ ನಿಮಗೆ ಇಲ್ಲಿ ಏನೂ ಸಿಗುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ.

ಮೊದಲು ಗುಳಿಗೆಯ ಮಾತು

ನಮ್ಮಲ್ಲಿ ಬಹಳ ಜನರಿಗೆ ಥೈರಾಯ್ಡ್ ಕಡಿಮೆಯಾಗುವುದು ಹಾಶಿಮೋಟೋ ಕಾಯಿಲೆಯಿಂದ. 1912ರಲ್ಲಿ ಹಾಶಿಮೋಟೋ ಎಂಬ ಜಪಾನಿ ಡಾಕ್ಟರು ಇದನ್ನು ಮೊದಲು ವಿವರಿಸಿದರು. ಮೈಯ ಕಾವಲು ವ್ಯವಸ್ಥೆಯೇ ತಪ್ಪು ತಿಳಿದು ಗಂಟಲಿನ ಗ್ರಂಥಿಯನ್ನು ಕೆರೆಯುತ್ತಾ ಹೋಗುತ್ತದೆ. ಆ್ಯಂಟಿ ಟಿಪಿಒ ಅನ್ನುವ ರಕ್ತ ಪರೀಕ್ಷೆಯಲ್ಲಿ ಇದು ಗೊತ್ತಾಗುತ್ತದೆ. ಒಮ್ಮೆ ಮಾಡಿಸಿಟ್ಟುಕೊಳ್ಳಿ, ಮುಂದೆ ಸಮುದ್ರಪಾಚಿಯ ವಿಷಯ ಬಂದಾಗ ಇದು ಯಾಕೆ ಬೇಕು ಅಂತ ತಿಳಿಯುತ್ತದೆ. ಗ್ರಂಥಿ ಹಾಳಾದ ಮೇಲೆ ಅದು ಮಾಡುತ್ತಿದ್ದ ಹಾರ್ಮೋನನ್ನು ಹೊರಗಿಂದ ಕೊಡಬೇಕು. ಲೆವೊಥೈರಾಕ್ಸಿನ್ ಗುಳಿಗೆ ಅಂದರೆ ಅದೇ. ಯಾವ ಬೇರು, ಯಾವ ತೊಗಟೆಯೂ ಥೈರಾಕ್ಸಿನ್ ತಯಾರು ಮಾಡಿ ಕೊಡುವುದಿಲ್ಲ.

ಜನ ಮೋಸ ಹೋಗುವುದು ಎಲ್ಲಿ ಗೊತ್ತಾ? ಈ ಗುಳಿಗೆಯ ಅರ್ಧ ಭಾಗ ಮೈಯಿಂದ ಹೊರಹೋಗಲು ಸುಮಾರು 7 ದಿನ ಬೇಕು. ಹಾಗಾಗಿ ಯಾರೋ ಹೇಳಿದರು ಅಂತ ಗುಳಿಗೆ ನಿಲ್ಲಿಸಿ ಕಷಾಯ ಶುರು ಮಾಡಿದರೆ ಎರಡು ವಾರ ಏನೂ ಆಗುವುದಿಲ್ಲ, ಹಳೆಯ ಗುಳಿಗೆಯೇ ಒಳಗೆ ಕೆಲಸ ಮಾಡುತ್ತಿರುತ್ತದೆ. "ನೋಡು, ಕಷಾಯ ಹಿಡೀತು" ಅಂತ ಊರಿಗೆಲ್ಲಾ ಹೇಳಿ ಬಂದಿರುತ್ತೇವೆ. ಒಂದೂವರೆ ತಿಂಗಳಿಗೆ ಮುಖ ಮತ್ತೆ ಊದುತ್ತದೆ. ಆಗ ಕಷಾಯ ಕೊಟ್ಟವರು "ಪಥ್ಯ ತಪ್ಪಿದೀರಿ" ಅನ್ನುತ್ತಾರೆ. ಗಂಗಾವತಿಯಲ್ಲಿರುವ ನಮ್ಮ ಚಿಕ್ಕಮ್ಮನ ಕತೆ ಥೇಟ್ ಹೀಗೇ ಆಯಿತು.

ಗುಳಿಗೆ ಬೆಳಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ. ಅದಾದ ಮೇಲೆ ಚಹಾಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆ ಇದ್ದರೆ 4 ಗಂಟೆ ಅಂತರ. ಚೀನೀ ಔಷಧಿಗೂ ನಾನು ಇದೇ 4 ಗಂಟೆ ಲೆಕ್ಕ ಇಟ್ಟುಕೊಂಡಿದ್ದೇನೆ, ಯಾಕೆಂದರೆ ಗಂಟಲು ಗಂಟಿಗೆ ಅವರು ಕೊಡುವ ಔಷಧಿಗಳಲ್ಲಿ ಎಷ್ಟೋ ಸಲ ಸಮುದ್ರದ ಚಿಪ್ಪಿನ ಪುಡಿ ಇರುತ್ತದೆ. ಚಿಪ್ಪು ಅಂದರೆ ಕ್ಯಾಲ್ಸಿಯಂ, ಅಲ್ವಾ.

ಚೀನೀ ವೈದ್ಯರಿಗೆ ನಮ್ಮ ಕಾಯಿಲೆ ಹೇಗೆ ಕಾಣುತ್ತದೆ

ಹಳೆಯ ಚೀನೀ ವೈದ್ಯದಲ್ಲಿ ಥೈರಾಯ್ಡ್ ಅಂತ ಒಂದು ಅಂಗವೇ ಇಲ್ಲ. ಗಂಟಲು ಊದಿಕೊಂಡರೆ, ನಾವು ಗಳಗಂಡ ಅನ್ನುತ್ತೇವಲ್ಲ, ಅದಕ್ಕೆ ಅವರು ಯಿಂಗ್ ಅನ್ನುತ್ತಾರೆ. ಗಂಟಲು ಊದದೆ ಬರೀ ಚಳಿ, ಸುಸ್ತು, ಊತ, ಮಲಬದ್ಧತೆ ಇದ್ದರೆ ಅದು ಯಾಂಗ್ ಕಡಿಮೆಯಾದದ್ದು. ಯಾಂಗ್ ಅಂದರೆ ಒಳಗಿನ ಬೆಂಕಿ ಅಂದುಕೊಳ್ಳಿ. ನನಗೆ ಅಕ್ಯುಪಂಕ್ಚರ್ ಸೂಜಿ ಹಾಕುವ ಡಾಕ್ಟರಮ್ಮ ಇದನ್ನು ರೊಟ್ಟಿ ಒಲೆ ಇಟ್ಟುಕೊಂಡು ವಿವರಿಸಿದರು. ಗುಲ್ಮ (ಸ್ಪ್ಲೀನ್) ಅಂದರೆ ಅಡುಗೆ ಗಡಿಗೆ, ಕಿಡ್ನಿ ಅಂದರೆ ಕೆಳಗಿನ ಬೆಂಕಿ. ಬೆಂಕಿ ಸಣ್ಣಗಾದರೆ ಗಡಿಗೆಯಲ್ಲಿದ್ದದ್ದು ಬೇಯುವುದಿಲ್ಲ, ನೀರು ಆವಿಯಾಗುವುದಿಲ್ಲ, ಅದೇ ಕಾಲಿಗೆ ಇಳಿದು ಊತ ಆಗುತ್ತದೆ. ಅವರು ಗುಲ್ಮ, ಕಿಡ್ನಿ ಅನ್ನುವಾಗ ಸ್ಕ್ಯಾನಿಂಗ್‌ನಲ್ಲಿ ಕಾಣುವ ಅಂಗ ಅಂದುಕೊಂಡು ಗಾಬರಿಯಾಗಬೇಡಿ. ನಮ್ಮ ಓಣಿಯ ಒಬ್ಬಾಕೆ "ಕಿಡ್ನಿ ವೀಕ್ ಅಂದ್ರು" ಅಂತ ಅಳುತ್ತಾ ಬಂದು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿದಳು. ಏನೂ ಇರಲಿಲ್ಲ.

ಒಂದೇ ಟಿಎಸ್‌ಎಚ್ ನಂಬರ್ ಇರುವ ನಾಲ್ಕು ಜನರಿಗೆ ಅವರು ನಾಲ್ಕು ಬಗೆಯ ಚಿಕಿತ್ಸೆ ಹೇಳಬಹುದು. ಊಟ ಆದ ಕೂಡಲೇ ಸುಸ್ತು, ಹೊಟ್ಟೆ ಉಬ್ಬರ ಇದ್ದರೆ ಗುಲ್ಮದ ಶಕ್ತಿ ಕಡಿಮೆ. ಚಳಿ, ಸೊಂಟನೋವು, ಕಾಲೂತ, ರಾತ್ರಿ ಹಲವು ಸಲ ಮೂತ್ರಕ್ಕೆ ಏಳುವುದು ಇದ್ದರೆ ಗುಲ್ಮ ಮತ್ತು ಕಿಡ್ನಿ ಎರಡರ ಯಾಂಗ್ ಕಡಿಮೆ. ನಮ್ಮ ಕಾಯಿಲೆಯಲ್ಲಿ ಜಾಸ್ತಿ ಹೇಳುವುದು ಇದನ್ನೇ. ಸಿಟ್ಟು ಒಳಗೇ ನುಂಗಿಕೊಂಡು ನಿಟ್ಟುಸಿರು ಬಿಡುವವರಿಗೆ, ಮುಟ್ಟಿಗೆ ಮುಂಚೆ ಎದೆ ಬಿಗಿಯುವವರಿಗೆ ಯಕೃತ್ತಿನ ಶಕ್ತಿಯ ಓಟ ಕಟ್ಟಿದೆ ಅನ್ನುತ್ತಾರೆ. ಗಂಟಲಲ್ಲಿ ಏನೋ ಸಿಕ್ಕ ಹಾಗಿದೆ, ನುಂಗಿದರೆ ಇಳಿಯುವುದಿಲ್ಲ, ಕೆಮ್ಮಿದರೆ ಬರುವುದಿಲ್ಲ ಅನ್ನುವವರೂ ಇದೇ ಗುಂಪಿಗೆ ಸೇರುತ್ತಾರೆ. ಚೀನಾದವರು ಇದಕ್ಕೆ ಪ್ಲಮ್ ಹಣ್ಣಿನ ಬೀಜ ಅನ್ನುತ್ತಾರೆ. ನನಗೆ ಅದು ಹುಣಸೆಬೀಜವೇ ಅನಿಸುತ್ತಿತ್ತು. ಆದರೆ ಗಂಟು ಕೈಗೆ ನಿಜವಾಗಿ ಸಿಕ್ಕಿದರೆ ಬೀಜ, ಓಟ ಎಲ್ಲಾ ಪಕ್ಕಕ್ಕಿಡಿ, ಮೊದಲು ಸ್ಕ್ಯಾನಿಂಗ್.

ನಾಲಿಗೆ ನೋಡಿಕೊಳ್ಳುವುದು ಮಾತ್ರ ಎಲ್ಲರೂ ಮಾಡಬಹುದಾದ ಕೆಲಸ. ಬೆಳಗ್ಗೆ ಹಲ್ಲುಜ್ಜುವ ಮುಂಚೆ, ಚಹಾ ಕುಡಿಯುವ ಮುಂಚೆ, ಕಿಟಕಿ ಹತ್ತಿರ ಬಿಸಿಲ ಬೆಳಕಿನಲ್ಲಿ ಕನ್ನಡಿ ಹಿಡಿಯಿರಿ. ಟ್ಯೂಬ್‌ಲೈಟ್ ಕೆಳಗೆ ಬಣ್ಣ ತಪ್ಪಾಗಿ ಕಾಣುತ್ತದೆ. ಎಲೆ ಅಡಿಕೆ ಹಾಕುವವರಾದರೆ ಹಿಂದಿನ ರಾತ್ರಿಯೇ ಬಿಡಬೇಕು, ಇಲ್ಲವಾದರೆ ನಿಮ್ಮ ನಾಲಿಗೆ ಯಾವ ವೈದ್ಯನಿಗೂ ಅರ್ಥವಾಗುವುದಿಲ್ಲ. ನಾಲಿಗೆ ಬಿಳಿಚಿ, ಉಬ್ಬಿ, ಅಂಚಿನಲ್ಲಿ ಹಲ್ಲಿನ ಗುರುತು ಮೂಡಿದ್ದರೆ ಅದು ಯಾಂಗ್ ಕಡಿಮೆಯ ನಾಲಿಗೆ. ನನ್ನದು ಹಪ್ಪಳದ ಅಂಚಿನ ಹಾಗೆ ಸೊಟ್ಟಸೊಟ್ಟ ಇತ್ತು. ಥೈರಾಯ್ಡ್ ಕಡಿಮೆಯಾದಾಗ ನಾಲಿಗೆ ದಪ್ಪವಾಗುವುದನ್ನು ಇಂಗ್ಲಿಷ್ ಡಾಕ್ಟರೂ ಒಪ್ಪುತ್ತಾರೆ, ಹಾಗಾಗಿ ಇದು ಬರೀ ನಂಬಿಕೆಯೂ ಅಲ್ಲ. ವಾರಕ್ಕೊಮ್ಮೆ ಅದೇ ಕಿಟಕಿಯಲ್ಲಿ ಅದೇ ಹೊತ್ತಿಗೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಸಿಟ್ಟು ಬಂದರೂ ಡಿಲೀಟ್ ಮಾಡಬೇಡಿ.

ಸಮುದ್ರಪಾಚಿ: ನನಗೆ ಕೈಕೊಟ್ಟದ್ದು ಇದೇ

ಗಂಟಲು ಊತಕ್ಕೆ ಚೀನಾದವರ ಹಳೆಯ ಔಷಧಿ ಸಮುದ್ರಪಾಚಿ. ನಾಲ್ಕನೇ ಶತಮಾನದ ಗೆ ಹಾಂಗ್ ಎಂಬ ವೈದ್ಯರು ಪಾಚಿಯನ್ನು ಮದ್ಯದಲ್ಲಿ ನೆನೆಹಾಕಿ ಕುಡಿಸಲು ಬರೆದಿಟ್ಟಿದ್ದಾರೆ. ಇದೇ ಗೆ ಹಾಂಗ್ ಬರೆದ ಇನ್ನೊಂದು ಸಾಲಿನ ಜಾಡು ಹಿಡಿದು ತು ಯೂಯೂ ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಕಂಡುಹಿಡಿದರು, 2015ರಲ್ಲಿ ಅವರಿಗೆ ನೊಬೆಲ್ ಬಂತು. ಹಾಗಾಗಿ ಆ ಮುದುಕನನ್ನು ತಳ್ಳಿಹಾಕುವ ಹಾಗಿಲ್ಲ. ಏಳನೇ ಶತಮಾನದ ಸುನ್ ಸಿಮಿಯಾವೋ ಪ್ರಾಣಿಗಳ ಥೈರಾಯ್ಡ್ ಗ್ರಂಥಿಯನ್ನೇ ಔಷಧಿಯಾಗಿ ಬಳಸಿದರು. ಇಂಥದ್ದನ್ನು ಓದಿ ನನಗೆ ಮೈ ಜುಮ್ ಅಂದಿತ್ತು. 1617ರ ಒಂದು ಚೀನೀ ಶಸ್ತ್ರವೈದ್ಯ ಗ್ರಂಥದಲ್ಲಿ ಬರುವ ಹಾಯ್‌ಜಾವ್ ಯುಹು ತಾಂಗ್ ಅನ್ನುವ ಪಾಚಿ ಕಷಾಯ ಈಗಲೂ ಚಾಲ್ತಿಯಲ್ಲಿದೆ.

ನಾನೇನು ಮಾಡಿದೆ? ಸಾವಿರದಾರುನೂರಕ್ಕೂ ಹೆಚ್ಚು ವರ್ಷ ಹಳೆಯದು ಅಂದಮೇಲೆ ಸುಳ್ಳಿರಲಿಕ್ಕಿಲ್ಲ ಅಂತ ಆನ್‌ಲೈನಿನಲ್ಲಿ ಕೆಲ್ಪ್ ಅನ್ನುವ ಸಮುದ್ರಪಾಚಿಯ ಕ್ಯಾಪ್ಸೂಲ್ ತರಿಸಿದೆ. ಬಾಟಲಿ ಮೇಲೆ ಥೈರಾಯ್ಡ್ ಸಪೋರ್ಟ್ ಅಂತ ದೊಡ್ಡದಾಗಿ ಬರೆದಿತ್ತು. ದಿನಾ ಎರಡು, ಎರಡು ತಿಂಗಳು. ಗುಳಿಗೆಯನ್ನೂ ಒಂದು ದಿನ ತಪ್ಪಿಸಲಿಲ್ಲ. ಆದರೂ 3ರಲ್ಲಿದ್ದ ಟಿಎಸ್‌ಎಚ್ 11ಕ್ಕೆ ಹೋಯಿತು. ಡಾಕ್ಟರು ಡೋಸ್ ಹೆಚ್ಚಿಸಲು ಪೆನ್ನು ಎತ್ತಿದ್ದರು, ಸುಮ್ನೆ ಇರಲಾರದೆ ಬಾಟಲಿ ತೋರಿಸಿದೆ. ಪೆನ್ನು ಇಟ್ಟರು. "ಇದನ್ನ ಮೊದಲು ನಿಲ್ಸಿ, ಎರಡು ತಿಂಗಳು ಬಿಟ್ಟು ಬನ್ನಿ" ಅಂದರು. ನಿಲ್ಲಿಸಿದ ಮೇಲೆ ತಾನಾಗಿಯೇ ಇಳಿಯಿತು.

ಯಾಕೆ ಹೀಗಾಯಿತು ಅಂದರೆ, ಗೆ ಹಾಂಗ್ ಕಾಲದ ಗಳಗಂಡ ಬಹುಮಟ್ಟಿಗೆ ಅಯೋಡಿನ್ ಕೊರತೆಯದ್ದು. ಸಮುದ್ರದಿಂದ ದೂರ, ಗುಡ್ಡಗಾಡಿನಲ್ಲಿದ್ದ ಜನರಿಗೆ ಪಾಚಿಯ ಅಯೋಡಿನ್ ಅಮೃತವಾಗಿತ್ತು. ನಮಗೆ ಅಯೋಡಿನ್ ಉಪ್ಪಿನ ಪ್ಯಾಕೆಟ್‌ನಲ್ಲೇ ಬರುತ್ತಿದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ, ಬಸುರಿಗೆ 250. ಒಂದೇ ಗ್ರಾಂ ಒಣ ಕೆಲ್ಪ್‌ನಲ್ಲಿ 1000 ಮೈಕ್ರೋಗ್ರಾಂ ದಾಟುವುದೂ ಉಂಟು. ಅಯೋಡಿನ್ ಒಮ್ಮೆಲೇ ಜಾಸ್ತಿಯಾದರೆ ಗ್ರಂಥಿ ಹಾರ್ಮೋನ್ ಮಾಡುವುದನ್ನೇ ನಿಲ್ಲಿಸುತ್ತದೆ. ಇದನ್ನು 1948ರಲ್ಲಿ ವುಲ್ಫ್ ಮತ್ತು ಚೈಕಾಫ್ ಎಂಬುವರು ತೋರಿಸಿದರು. ಆರೋಗ್ಯವಾದ ಗ್ರಂಥಿ ಇರುವವರು ಕೆಲವು ದಿನದಲ್ಲಿ ಇದರಿಂದ ಹೊರಬರುತ್ತಾರೆ. ಹಾಶಿಮೋಟೋ ಇರುವವರ ಗ್ರಂಥಿ ಎಷ್ಟೋ ಸಲ ಅಲ್ಲೇ ಸಿಕ್ಕಿಬೀಳುತ್ತದೆ. ಹಾಗಾಗಿ ಆ್ಯಂಟಿ ಟಿಪಿಒ ಜಾಸ್ತಿ ಇದ್ದವರು ಹಾಯ್‌ಜಾವ್, ಕುನ್‌ಬು, ಕೆಲ್ಪ್ ಎಂಬ ಪಾಚಿಯ ಹೆಸರು ಕಂಡರೆ ಆ ಬಾಟಲಿ ವಾಪಸ್ ಇಡಿ. ಪರೀಕ್ಷೆ ಮಾಡಿಸದವರೂ ಇಡಿ. ಇನ್ನೊಂದು ಕಡೆ, ಹರಳುಪ್ಪೇ ರುಚಿ ಅಂತ ಚೀಲದಲ್ಲಿ ಬರುವ ಸಡಿಲ ಉಪ್ಪನ್ನೇ ವರ್ಷಗಟ್ಟಲೆ ಬಳಸುವ ಮನೆಗಳು ನಮ್ಮ ಕಡೆ ಇನ್ನೂ ಇವೆ, ಆ ಉಪ್ಪಿನಲ್ಲಿ ಅಯೋಡಿನ್ ಇರುವುದು ಖಾತ್ರಿಯಿಲ್ಲ. ಅದಕ್ಕೆ ಪಾಚಿ ತರಿಸಬೇಕಿಲ್ಲ, ಉಪ್ಪಿನ ಪ್ಯಾಕೆಟ್ ಬದಲಿಸಿದರೆ ಆಯಿತು.

ಒತ್ತುವುದು, ಕಾವು ಕೊಡುವುದು

ಮೂರು ವರ್ಷದಲ್ಲಿ ನಾನು ಬಿಡದೆ ಉಳಿಸಿಕೊಂಡದ್ದು ಇದು. ಖರ್ಚಿಲ್ಲ, ಅಪಾಯ ಕಡಿಮೆ.

ಮೊದಲ ಜಾಗ ಜು ಸಾನ್ ಲಿ. ಮೊಣಕಾಲು ಮಡಚಿ ಕೂತರೆ ಚಿಪ್ಪಿನ ಕೆಳಗೆ ಹೊರಬದಿಗೆ ಒಂದು ಗುಳಿ ಸಿಗುತ್ತದೆ. ಅಲ್ಲಿಂದ ನಾಲ್ಕು ಬೆರಳು ಕೆಳಕ್ಕೆ, ಮುಂಗಾಲಿನ ಎಲುಬಿನ ಏಣಿನಿಂದ ಒಂದು ಬೆರಳು ಹೊರಕ್ಕೆ. ಹೆಬ್ಬೆರಳಿನಿಂದ ಒತ್ತಿದರೆ ಒಂಥರಾ ಜೋಮು ಹಿಡಿದ ನೋವು ಬರುತ್ತದೆ, ಅದೇ ಸರಿಯಾದ ಜಾಗ. ಬೆರಳಿನ ಅಳತೆ ನಿಮ್ಮದೇ ಆಗಿರಬೇಕು. ಗಂಡನ ಬೆರಳಿನಿಂದ ಅಳೆದರೆ ಜಾಗ ತಪ್ಪುತ್ತದೆ. ಆ ಹೆಸರಿನ ಅರ್ಥ ಕಾಲಿನ ಮೂರು ಲಿ, ಲಿ ಅಂದರೆ ಚೀನಾದವರ ದೂರದ ಅಳತೆ, ದಣಿದವನು ಇದನ್ನು ಒತ್ತಿದರೆ ಇನ್ನೂ ಅಷ್ಟು ದೂರ ನಡೆಯಬಲ್ಲ ಅಂತ ಮಾತು. ಹೊಟ್ಟೆ ಮತ್ತು ಸುಸ್ತಿಗೆ ಇದೇ ಮುಖ್ಯ.

ಎರಡನೆಯದು ತಾಯ್ ಶಿ. ಪಾದದ ಒಳಬದಿಯ ಹರಡಿನ ಎಲುಬು, ಅದರ ಹಿಂದೆ ಹಿಮ್ಮಡಿಗೆ ಇಳಿಯುವ ಹುರಿಯಂಥ ದಪ್ಪ ಸ್ನಾಯುರಜ್ಜು. ಎರಡರ ನಡುವಿನ ತಗ್ಗಿನಲ್ಲಿ ಒತ್ತಬೇಕು. ಇದು ಕಿಡ್ನಿಯ ಬೆಂಕಿಗೆ. ಮೂರನೆಯದು ಸಾನ್ ಯಿನ್ ಜಿಯಾವೋ, ಅದೇ ಹರಡಿನ ತುದಿಯಿಂದ ನಾಲ್ಕು ಬೆರಳು ಮೇಲೆ, ಎಲುಬಿನ ಹಿಂಭಾಗಕ್ಕೆ ಅಂಟಿಕೊಂಡು. ಬಸುರಿಯರು ಈ ಮೂರನೆಯದನ್ನು ಮುಟ್ಟಬಾರದು ಅಂತ ಚೀನೀ ವೈದ್ಯವೇ ಹೇಳುತ್ತದೆ. ಒಂದೊಂದು ಜಾಗಕ್ಕೆ ಎರಡು ಮೂರು ನಿಮಿಷ, ಎರಡೂ ಕಾಲಿಗೆ, ದಿನಕ್ಕೊಮ್ಮೆ. ಟಿವಿ ನೋಡುತ್ತಾ ಮಾಡಿದರೂ ನಡೆಯುತ್ತದೆ. ಗಂಟಲಿನ ಮೇಲೆ ಮಾತ್ರ ಒತ್ತಬೇಡಿ, ಉಜ್ಜಬೇಡಿ, ಯಾರೇ ಹೇಳಲಿ.

ಕಾವಿಗೆ ಅವರು ಮಾಕ್ಸಾ ಬಳಸುತ್ತಾರೆ. ನಮ್ಮ ದವನ, ಮಾಚಿಪತ್ರೆಗಳ ನಂಟಿನ ಒಂದು ಗಿಡದ ಒಣ ಎಲೆಯನ್ನು ಅರಳೆಯ ಹಾಗೆ ಕುಟ್ಟಿ, ಕಾಗದದಲ್ಲಿ ಸುತ್ತಿ, ಬತ್ತಿಯ ಹಾಗೆ ಮಾಡಿರುತ್ತಾರೆ. ತುದಿ ಹೊತ್ತಿಸಿ, ಚರ್ಮದಿಂದ ಒಂದು ಇಂಚು ಮೇಲೆ ಹಿಡಿದು, ಹೊಕ್ಕುಳಿನಿಂದ ನಾಲ್ಕು ಬೆರಳು ಕೆಳಗೆ ಅಥವಾ ಸೊಂಟದ ಎರಡೂ ಬದಿಗೆ 10 ನಿಮಿಷ ಕಾವು ಕೊಡುವುದು. ಚರ್ಮ ಸ್ವಲ್ಪ ಕೆಂಪಾದರೆ ಸಾಕು. ಹೊಗೆ ಬಹಳ ಬರುತ್ತದೆ, ವಾಸನೆ ಗಾಂಜಾದ ಹಾಗೆ ಇರುತ್ತದೆ, ನಮ್ಮ ಮೇಲ್ಮನೆಯವರು ಒಮ್ಮೆ ಬಾಗಿಲು ಬಡಿದು ಕೇಳಿಯೇ ಬಿಟ್ಟರು. ಆರಿಸಲು ಬೂದಿ ಅಥವಾ ಮರಳಿನ ಡಬ್ಬಿ ಇಟ್ಟುಕೊಳ್ಳಿ, ನೀರು ಹಾಕಿದರೆ ಬತ್ತಿ ಹಾಳು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿಯುವವರು, ಬಸುರಿಯರು, ಜ್ವರ ಇರುವವರು ಇದಕ್ಕೆ ಕೈ ಹಾಕಬಾರದು.

ಮಾಕ್ಸಾ ಸಿಗದಿದ್ದರೆ ಬಾಣಂತಿಗೆ ಕೊಡುವ ಉಪ್ಪಿನ ಕಾವು ಇದೆಯಲ್ಲ, ಅದೇ ಸಾಕು. ಹರಳುಪ್ಪನ್ನು ಬಾಣಲೆಯಲ್ಲಿ ಹುರಿದು, ದಪ್ಪ ಬಟ್ಟೆಯಲ್ಲಿ ಗಂಟು ಕಟ್ಟಿ, ಮೊದಲು ಮುಂಗೈ ಮೇಲೆ ಇಟ್ಟು ನೋಡಿ, ಆಮೇಲೆ ಸೊಂಟಕ್ಕೆ. ಚೀನಾದಲ್ಲೂ ಉಪ್ಪು ಕಾಯಿಸಿ ಕಾವು ಕೊಡುವ ಪದ್ಧತಿ ಇದೆ. ನಾನು ಮಳೆಗಾಲದಿಂದ ಶಿವರಾತ್ರಿವರೆಗೆ ಮಾಡುತ್ತೇನೆ. ಏಪ್ರಿಲ್, ಮೇನಲ್ಲಿ ಬೇಡ, ಬಳ್ಳಾರಿಯ ಬಿಸಿಲೇ ಮಾಕ್ಸಾ.

ಊಟ

ಅವರ ಮಾತು ಸರಳ: ಬಿಸಿ ತಿನ್ನಿ, ಬೇಯಿಸಿದ್ದು ತಿನ್ನಿ, ಫ್ರಿಜ್ಜಿನದು ಬೇಡ, ಹಸಿ ತರಕಾರಿ ಕಡಿಮೆ ಮಾಡಿ. ಬೆಳಗ್ಗೆ ಗಂಜಿ ಕುಡಿಯಿರಿ ಅನ್ನುತ್ತಾರೆ. ನಾವು ಗಂಜಿಗೆ ಚೀನಾಕ್ಕೆ ಹೋಗಬೇಕಾ? ಜೋಳದ ನುಚ್ಚು ಮೆತ್ತಗೆ ಬೇಯಿಸಿ, ಒಣಶುಂಠಿ ಪುಡಿ, ಜೀರಿಗೆ ಹಾಕಿ ಬಿಸಿಬಿಸಿ ಉಣ್ಣಿ. ಒಣಶುಂಠಿ, ದಾಲ್ಚಿನ್ನಿ ಎರಡೂ ಅವರ ಯಾಂಗ್ ಔಷಧಿಗಳಲ್ಲಿ ಮೊದಲ ಸಾಲಿನವು. ಅವರ ಕೆಂಪು ಖರ್ಜೂರ ಅಂತ ಆನ್‌ಲೈನಿನಲ್ಲಿ ದುಬಾರಿಗೆ ಮಾರುತ್ತಾರೆ, ಅದು ಖರ್ಜೂರವೇ ಅಲ್ಲ, ನಮ್ಮ ಬಾರೆಹಣ್ಣಿನ ಅಣ್ಣ. ನನಗೆ ಮಾತ್ರ ಒಂದು ವಿಷಯದಲ್ಲಿ ಅವರ ಜೊತೆ ಜಗಳ ಇದೆ. ಮಜ್ಜಿಗೆ ಬಿಡು ಅನ್ನುತ್ತಾರೆ. ಸಿರುಗುಪ್ಪದ ಬಿಸಿಲಲ್ಲಿ ಗದ್ದೆ ಕೆಲಸ ಮಾಡುವವರಿಗೆ ಮಜ್ಜಿಗೆ ಬಿಡು ಅಂದರೆ ನಡೆಯುತ್ತದಾ? ನಾನು ಬಿಟ್ಟಿಲ್ಲ. ಮಡಕೆಯ ಮಜ್ಜಿಗೆಗೆ ಶುಂಠಿ, ಒಗ್ಗರಣೆ ಹಾಕಿ ಕುಡಿಯುತ್ತೇನೆ.

ಸಜ್ಜೆಯ ಬಗ್ಗೆ ಒಂದು ಮಾತು, ಇದು ಚೀನೀ ವೈದ್ಯದ್ದಲ್ಲ. ಕುಷ್ಟಗಿ, ಮಾನ್ವಿ ಕಡೆ ಸಜ್ಜೆ ರೊಟ್ಟಿ ದಿನದ ಊಟ. ಸಜ್ಜೆಯಲ್ಲಿ ಥೈರಾಯ್ಡ್ ಕೆಲಸಕ್ಕೆ ಅಡ್ಡಿ ಮಾಡುವ ಅಂಶ ಇದೆ, ಅಯೋಡಿನ್ ಕಡಿಮೆ ಇರುವ ಕಡೆ ಅದರ ಪರಿಣಾಮ ಜಾಸ್ತಿ. ಅಯೋಡಿನ್ ಉಪ್ಪು ಬಳಸುತ್ತಾ ನಡುನಡುವೆ ಸಜ್ಜೆ ತಿಂದರೆ ತೊಂದರೆಯಿಲ್ಲ. ಮೂರು ಹೊತ್ತೂ ಅದೇ ಆದರೆ ಜೋಳದ ಜೊತೆ ಬದಲಿಸಿ. ಎಲೆಕೋಸು, ಹೂಕೋಸು ಬೇಯಿಸಿ ತಿಂದರೆ ಭಯ ಬೇಡ.

ಕಷಾಯ ಮತ್ತು ಗುಂಡುಗುಳಿಗೆ

ಇಲ್ಲಿ ನಿಧಾನ. ಯಾಂಗ್ ಕಡಿಮೆಗೆ ಬಹಳ ಹೆಸರಾದದ್ದು ಜಿನ್ ಗುಯಿ ಶೆನ್ ಚಿ ವಾನ್, ಸುಮಾರು 1800 ವರ್ಷ ಹಿಂದಿನ ಜಾಂಗ್ ಜೋಂಗ್‌ಜಿಂಗ್ ಎಂಬ ವೈದ್ಯರ ಔಷಧಿ ಮಿಶ್ರಣ. ಎಂಟು ಸಾಮಾನು. ಅದರಲ್ಲಿ ಒಂದು ಫುಜಿ. ಫುಜಿ ಅಂದರೆ ನಮ್ಮ ಗಿಡಮೂಲಿಕೆ ಅಂಗಡಿಯ ವತ್ಸನಾಭಿಯ ಒಡಹುಟ್ಟು, ವಿಷ. ಶುದ್ಧಿ ಮಾಡಿ, ಗಂಟೆಗಟ್ಟಲೆ ಕುದಿಸಿ ಬಳಸಬೇಕು, ತಪ್ಪಿದರೆ ಬಾಯಿ ಜೋಮು ಹಿಡಿದು ಎದೆ ಬಡಿತ ಏರುಪೇರಾಗಿ ಜೀವಕ್ಕೇ ಬರುತ್ತದೆ. ಅದನ್ನು ಮನೆಯಲ್ಲಿ ಕುದಿಸುವ ಧೈರ್ಯ ಮಾಡಬೇಡಿ. ಇನ್ನೊಂದು ಗಾನ್ ಸಾವ್, ನಮ್ಮ ಜೇಷ್ಠಮಧು. ಚೀನೀ ಔಷಧಿ ಮಿಶ್ರಣಗಳಲ್ಲಿ ಅದು ಎಲ್ಲೆಲ್ಲೂ ಇರುತ್ತದೆ. ತಿಂಗಳುಗಟ್ಟಲೆ ತಿಂದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಬಿಪಿ ಗುಳಿಗೆ ತೆಗೆದುಕೊಳ್ಳುವವರು ಇದನ್ನು ಕೇಳಿಯೇ ತಿಳಿದುಕೊಳ್ಳಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್ ಇದ್ದವರು ಜಿನ್‌ಸೆಂಗ್ ಮುಟ್ಟಬಾರದು.

1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗುಳಿಗೆಯಲ್ಲಿ ಒಂದು ಚೀನೀ ಬೇರಿನ ಬದಲು ಹೆಸರು ಹೋಲುವ ಇನ್ನೊಂದು ಬೇರು ಸೇರಿ ಎಷ್ಟೋ ಹೆಂಗಸರ ಕಿಡ್ನಿ ನಿಜವಾಗಿಯೇ ಹೋಯಿತು. ಅರಿಸ್ಟೊಲೋಕಿಯಾ ಜಾತಿಯ ಬೇರು ಅದು. ಆದ್ದರಿಂದ ಲೇಬಲ್ ಬರೀ ಚೀನೀ ಅಕ್ಷರದಲ್ಲಿದ್ದರೆ, ಒಳಗಿನ ಸಾಮಾನಿನ ಪಟ್ಟಿ ಇಲ್ಲದಿದ್ದರೆ, ತಯಾರಿಸಿದವರ ವಿಳಾಸ ಇಲ್ಲದಿದ್ದರೆ ಬೇಡವೇ ಬೇಡ. "ಚೀನಾದ್ದು ಸಿಗದಿದ್ದರೆ ಅಶ್ವಗಂಧ ತಗೊಳ್ಳಿ" ಅಂತ ಅಂಗಡಿಯವರು ಕೊಡುತ್ತಾರೆ, ಅಶ್ವಗಂಧ ಥೈರಾಯ್ಡ್ ಹಾರ್ಮೋನ್ ಏರಿಸಬಲ್ಲದು, ಗುಳಿಗೆಯ ಜೊತೆ ಸೇರಿದರೆ ಎದೆ ಡವಡವ ಅನ್ನಬಹುದು. ನಾನು ಕಷಾಯದ ದಾರಿಯನ್ನೇ ಬಿಟ್ಟಿದ್ದೇನೆ, ಶುಂಠಿ ದಾಲ್ಚಿನ್ನಿಗೆ ನನ್ನ ಲೆಕ್ಕ ಮುಗಿಯಿತು.

ಸೂಜಿ ಹಾಕಿಸಿಕೊಳ್ಳುವುದಾದರೆ

ನಮ್ಮ ಕಡೆ ಚೀನೀ ವೈದ್ಯರು ಅಂತ ಬೋರ್ಡ್ ಸಿಗುವುದಿಲ್ಲ. ಬಿಎನ್‌ವೈಎಸ್ ಓದಿದ ಪ್ರಕೃತಿ ಚಿಕಿತ್ಸೆಯ ಡಾಕ್ಟರುಗಳು ಅಕ್ಯುಪಂಕ್ಚರ್ ಕಲಿತಿರುತ್ತಾರೆ, ಅವರನ್ನು ಹುಡುಕಿ. ಎರಡು ವಾರದ ಶಿಬಿರದಲ್ಲಿ ಕಲಿತು ಬಂದವರನ್ನಲ್ಲ. ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು, ಒಮ್ಮೆ ಬಳಸಿ ಬಿಸಾಡುವ ಸೂಜಿ ಆಗಿರಬೇಕು. ಎಷ್ಟು ಸಲ ಬರಬೇಕು, ಯಾವಾಗ ನಿಲ್ಲಿಸುವುದು ಅಂತ ಮೊದಲೇ ಕೇಳಿ. "ಗುಳಿಗೆ ಬಿಡಿಸುತ್ತೇನೆ" ಅಂದರೆ ಅಲ್ಲೇ ಎದ್ದು ಬನ್ನಿ. ನೋವು ಇರುವೆ ಕಚ್ಚಿದಷ್ಟು, ಆಮೇಲೆ ಭಾರವಾದ ಜೋಮು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಮೊದಲ ಸಲ ತಲೆ ಸುತ್ತುತ್ತದೆ.

ಅಂದ ಹಾಗೆ ನಮಗೂ ಚೀನಾಕ್ಕೂ ಹಳೆಯ ನಂಟಿದೆ. ರಾಯಚೂರಿನಲ್ಲಿ ಮುಂಬೈ ರೈಲು ಹತ್ತಿದರೆ ಸಿಗುವ ಸೊಲ್ಲಾಪುರದ ಡಾ. ಕೋಟ್ನಿಸ್ 1938ರಲ್ಲಿ ಚೀನಾಕ್ಕೆ ಹೋದ ಐವರು ಡಾಕ್ಟರುಗಳಲ್ಲಿ ಒಬ್ಬರು, 1942ರಲ್ಲಿ ಅಲ್ಲೇ ತೀರಿಕೊಂಡರು. ಅದೇ ತಂಡದ ಬಿಜೋಯ್ ಬಸು ಮುಂದೆ ಚೀನಾದಲ್ಲಿ ಈ ಸೂಜಿ ವಿದ್ಯೆ ಕಲಿತು ಕೊಲ್ಕತ್ತಾಕ್ಕೆ ತಂದರು.

ನನಗೆ ಹತ್ತು ಸಲ ಹಾಕಿದರು. ಹೊಟ್ಟೆ ಸಡಿಲವಾಯಿತು, ನಿದ್ದೆ ಚೆನ್ನಾಯಿತು, ಕಾಲು ಅಷ್ಟು ತಣ್ಣಗಿಲ್ಲ. ಟಿಎಸ್‌ಎಚ್ ಇದ್ದಲ್ಲೇ ಇದೆ, ಗುಳಿಗೆಯ ಡೋಸೂ ಅಷ್ಟೇ ಇದೆ. ಅರ್ಧ ಗಂಟೆ ಯಾರೂ ಕರೆಯದೆ ಮಲಗಲು ಸಿಕ್ಕಿದ್ದರಿಂದಲೇ ಚೆನ್ನಾಗಾಯಿತೋ ಏನೋ, ಅದೂ ಇರಬಹುದು.

ನೋಟ್‌ಬುಕ್

ಎರಡು ಹೊಸ ಪ್ರಯೋಗ ಒಟ್ಟಿಗೆ ಶುರು ಮಾಡಬೇಡಿ, ಯಾವುದರಿಂದ ಏನಾಯಿತು ಗೊತ್ತಾಗುವುದಿಲ್ಲ. ಒಂದು ನೋಟ್‌ಬುಕ್‌ನಲ್ಲಿ ಬೆಳಗಿನ ನಾಡಿ ಬಡಿತ, ತೂಕ, ಹೊಟ್ಟೆ, ನಿದ್ದೆ ಬರೆಯಿರಿ. ಏನೇ ಹೊಸದು ಸೇರಿಸಿದರೂ 6ರಿಂದ 8 ವಾರಕ್ಕೆ ಟಿಎಸ್‌ಎಚ್ ಮಾಡಿಸಿ, ಅದಕ್ಕಿಂತ ಮುಂಚೆ ಮಾಡಿಸಿದರೆ ನಂಬರ್ ಇನ್ನೂ ನಿಂತಿರುವುದಿಲ್ಲ. ಬಸುರಾದದ್ದು ಗೊತ್ತಾದ ದಿನವೇ ಎಲ್ಲಾ ಬೇರು, ಪುಡಿ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ, ಗುಳಿಗೆ ಡೋಸ್ ಸಾಮಾನ್ಯವಾಗಿ ಹೆಚ್ಚಿಸಬೇಕಾಗುತ್ತದೆ. ಎದೆ ಬಡಿತ ಏರುಪೇರಾದರೆ, ಮೈ ತೀರಾ ತಣ್ಣಗಾಗಿ ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ ಒತ್ತುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಪರೀಕ್ಷೆಯ ದಿನ ರಕ್ತ ಕೊಟ್ಟ ಮೇಲೆ ಗುಳಿಗೆ ತೆಗೆದುಕೊಳ್ಳಿ. ಕೂದಲಿಗೆ ಅಂತ ಬಯೋಟಿನ್ ನುಂಗುತ್ತಿದ್ದರೆ ಎರಡು ದಿನ ಮುಂಚೆ ನಿಲ್ಲಿಸಿ, ಅದು ರಿಪೋರ್ಟನ್ನೇ ತಪ್ಪು ಮಾಡುತ್ತದೆ. ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲಾ ಬಾಟಲಿಗಳನ್ನೂ ಒಂದು ಕೈಚೀಲಕ್ಕೆ ಹಾಕಿಕೊಂಡು ಹೋಗಿ, ಬೈಸಿಕೊಳ್ಳಬೇಕಾಗುತ್ತದೆ ಅಂತ ಅಡಗಿಸಬೇಡಿ. ನಾನು ಆ ಕೆಲ್ಪ್ ಬಾಟಲಿ ತೋರಿಸದೇ ಇದ್ದಿದ್ದರೆ ಡೋಸ್ ಹೆಚ್ಚಾಗಿ, ಈಗ ಬಳ್ಳಾರಿಯ ಮೇ ತಿಂಗಳಲ್ಲಿ ಎರಡು ಫ್ಯಾನ್ ಹಾಕಿಕೊಂಡು ಕೂರಬೇಕಿತ್ತು.